ಕೆರೆಯೂ ಬೇಕು, ಹೊಲವೂ ಬೇಕು: ಗಡಿಕಲ್ಲು ನೆಡುವವರು ಯಾರು?

ಬೀದರ: ಬೀದರ ಬಸ್‌ಸ್ಟ್ಯಾಂಡಿನಲ್ಲಿ ಔರಾದ ಬಸ್ ಹತ್ತಿದವರು ಜನವಾಡಾ ದಾಟಿದ ಮೇಲೆ ಒಂದು ಕಡೆ ತಪ್ಪದೆ ಕಿಟಕಿಯಾಚೆ ಕಣ್ಣು ಹಾಯಿಸುತ್ತಾರೆ. ಅದು ಕೌಠಾ ಬಳಿಯ ಮಾಂಜ್ರಾ ಸೇತುವೆ. ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. "ಹೊಳಿಗಿ ನೀರ್ ಎಷ್ಟ್ ಅದ?" ಎಂಬ ಒಂದೇ ಪ್ರಶ್ನೆ. ಹೊಳೆಯಲ್ಲಿ ನೀರಿದ್ದರೆ ಊರಿನಲ್ಲಿ ಮಾತು ಇರುತ್ತದೆ, ಗಾಂಧಿಗಂಜ್‌ನಲ್ಲಿ ವ್ಯಾಪಾರ ಇರುತ್ತದೆ, ಕಿರಾಣಿ ಅಂಗಡಿಯ ಉದ್ರಿ ಬಾಕಿಯೂ ಸ್ವಲ್ಪ ಇಳಿಯುತ್ತದೆ. ನೀರಿಲ್ಲದಿದ್ದರೆ ಎಲ್ಲರ ಮುಖವೂ ಒಣಗುತ್ತದೆ.

ಇದೇ ಮಾಂಜ್ರಾ ಹತ್ತು ವರ್ಷದೊಳಗೆ ಎರಡು ವೇಷ ತೋರಿಸಿದೆ. 2016ರ ಬೇಸಿಗೆಯಲ್ಲಿ ಮೇಲಿನ ಧನೇಗಾಂವ್ ಅಣೆಕಟ್ಟು ಬತ್ತಿ ಹೋಯಿತು. ನೆರೆಯ ಲಾತೂರಿಗೆ ಆ ಏಪ್ರಿಲ್ 12ರಂದು ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಗಾಡಿಯಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರ್. 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ನೋಡಿದರೆ ಅದೇ ಧನೇಗಾಂವ್‌ನಿಂದ ಬಿಟ್ಟ ನೀರು, ಮೇಲೆ ಸುರಿದ ಮಳೆ, ಎರಡೂ ಸೇರಿ ಔರಾದ, ಕಮಲನಗರ, ಭಾಲ್ಕಿ, ಹುಲಸೂರ ಕಡೆಯ ಹೊಲಗಳನ್ನು ಮುಳುಗಿಸಿದವು. ಸೋಯಾ, ಉದ್ದು, ತೊಗರಿ ನಿಂತಲ್ಲೇ ಕೊಳೆತವು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಮಾನದಲ್ಲಿ ಸುತ್ತಿ ನೋಡಿ ಹೋದರು.

ಒಂದು ಸಲ ಹನಿ ಇಲ್ಲ, ಇನ್ನೊಂದು ಸಲ ಹಿಡಿಸಲಾರದಷ್ಟು. ಮಳೆರಾಯನನ್ನು ಬೈದರೆ ಮುಗಿಯಿತೇ? ಬಿದ್ದ ನೀರನ್ನು ಹಿಡಿದಿಟ್ಟು, ನಿಧಾನವಾಗಿ ಬಿಡುತ್ತಿದ್ದ ಜಾಗಗಳು ಎಲ್ಲಿ ಹೋದವು ಎಂದು ಯಾರಾದರೂ ಕೇಳಬೇಕಲ್ಲ!

ಯಾವುದು ಈ ಜಾಗ?

ಸರಕಾರಿ ಕಾಗದದಲ್ಲಿ ಇದಕ್ಕೆ ‘ಜೌಗು ಪ್ರದೇಶ’ ಎಂದು ಹೆಸರು. ಜನರ ಬಾಯಲ್ಲಿ ಕೆರೆ, ಕುಂಟೆ, ನಾಲಾ, ಹಿನ್ನೀರು, ಜವಳು ಹೊಲ. ವರ್ಷದ ಕೆಲವು ತಿಂಗಳಾದರೂ ನೀರು ನಿಲ್ಲುವ, ಆಳವಿಲ್ಲದ, ಹುಲ್ಲು–ಜೊಂಡು ಬೆಳೆಯುವ ನೆಲ. ನೋಡುವವರಿಗೆ ಹಾಳು ಜಾಗ. ಆದರೆ ಮಳೆಗಾಲದಲ್ಲಿ ಹುಚ್ಚು ನೀರಿನ ಓಟ ತಗ್ಗಿಸುವುದು ಇದೇ. ಬೇಸಿಗೆಯಲ್ಲಿ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಒಳಗಿಂದೊಳಗೆ ನೀರು ಕೊಡುವುದೂ ಇದೇ. ಹೊಲದಿಂದ ಕೊಚ್ಚಿ ಬಂದ ಮಣ್ಣು, ಯೂರಿಯಾ, ಡಿಎಪಿ ನೇರವಾಗಿ ಕುಡಿಯುವ ನೀರಿಗೆ ಇಳಿಯದಂತೆ ಸೋಸುವುದು ಅಂಚಿನ ಹುಲ್ಲು. ಮೀನು ಮೊಟ್ಟೆ ಇಡುವುದು ಅಂಚಿನ ತೆಳು ನೀರಿನಲ್ಲಿ. ಹಕ್ಕಿ ಇಳಿಯುವುದೂ ಅಲ್ಲೇ.

ಬೀದರ ಜಿಲ್ಲೆಯಲ್ಲಿ ದೇವರು ಮಾಡಿದ ದೊಡ್ಡ ಸರೋವರ ಇಲ್ಲ. ಇಲ್ಲಿರುವುದೆಲ್ಲ ಜನ ಕಟ್ಟಿದ್ದು. ಕಟ್ಟಿದ್ದು ಏತಕ್ಕೆ? ಹೊಲಕ್ಕೆ ನೀರು ಬೇಕು ಅಂತ. ಅಂದಮೇಲೆ ಇಲ್ಲಿ ಕೆರೆ ಬೇರೆ, ಬೇಸಾಯ ಬೇರೆ ಎಂದು ಎರಡು ಪಂಗಡ ಮಾಡಿದರೆ ಆ ಲೆಕ್ಕವೇ ತಪ್ಪು.

ಕಾಯ್ದೆಯಲ್ಲೊಂದು ಕಿಂಡಿ

ತಮಾಷೆ ಇರುವುದು ಇಲ್ಲೇ. ಕೇಂದ್ರ ಸರಕಾರ 2017ರ ಸೆಪ್ಟೆಂಬರಿನಲ್ಲಿ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮ ಹೊರಡಿಸಿತು. ಒತ್ತುವರಿ ಕೂಡದು, ಕಸ ಸುರಿಯಕೂಡದು, ಕಾರ್ಖಾನೆ ಕೂಡದು, ಹೊಲಸು ನೀರು ಬಿಡಕೂಡದು, ಹತ್ತು ವರ್ಷದ ನೆರೆ ಮಟ್ಟದ ಸರಾಸರಿಯಿಂದ 50 ಮೀಟರ್ ಒಳಗೆ ಪಕ್ಕಾ ಕಟ್ಟಡ ಕೂಡದು. ಚೆನ್ನಾಗಿದೆ. ಆದರೆ ಜೌಗು ಪ್ರದೇಶ ಎಂದರೇನು ಎಂದು ಹೇಳುವ ಜಾಗದಲ್ಲೇ ಹೊಳೆಯ ಪಾತ್ರ ಬಿಟ್ಟು, ಭತ್ತದ ಗದ್ದೆ ಬಿಟ್ಟು, ಕುಡಿಯುವ ನೀರಿಗೆಂದು ಕಟ್ಟಿದ ಕೆರೆ ಬಿಟ್ಟು, ನೀರಾವರಿಗೆಂದೇ ಕಟ್ಟಿದ್ದನ್ನೂ ಬಿಟ್ಟು ಎಂದು ಬರೆಯಲಾಗಿದೆ.

ಬೀದರ ಜಿಲ್ಲೆಯಲ್ಲಿ ಇಷ್ಟನ್ನು ಬಿಟ್ಟ ಮೇಲೆ ಉಳಿಯುವುದೇನು? ಪಾತ್ರೆ ಬಿಟ್ಟು ಪಾಯಸ ಬಡಿಸಿದ ಹಾಗಾಯಿತು.

ಇನ್ನೊಂದು ಕಡೆ ಸುಪ್ರೀಂ ಕೋರ್ಟಿನ ಮಾತು ಬೇರೆ. ಉಪಗ್ರಹದ ಚಿತ್ರ ನೋಡಿ ಎಣಿಸಿದ, ಎರಡೂಕಾಲು ಹೆಕ್ಟೇರಿಗೆ (ಅಂದರೆ ಸುಮಾರು ಐದೂವರೆ ಎಕರೆಗೆ) ಮೇಲ್ಪಟ್ಟ 2,01,503 ಜೌಗು ಪ್ರದೇಶಗಳನ್ನು ದೇಶದಾದ್ಯಂತ ಕಾಪಾಡಬೇಕೆಂದು ಕೋರ್ಟು 2017ರಲ್ಲಿ ಆಜ್ಞೆ ಮಾಡಿತು. 2024ರ ಡಿಸೆಂಬರಿನಲ್ಲಿ ಮತ್ತೆ ಕರೆದು ಕೇಳಿದಾಗ ಪಟ್ಟಿ 2,31,195ಕ್ಕೆ ಬೆಳೆದಿತ್ತು. ಚಿತ್ರ ಸಾಕಾಗದು, ಸ್ಥಳಕ್ಕೇ ಹೋಗಿ ಗಡಿ ಗುರುತಿಸಿ, ಮೂರು ತಿಂಗಳೊಳಗೆ ಮುಗಿಸಿ ಎಂದು ರಾಜ್ಯಗಳಿಗೆ ಕೋರ್ಟು ಹೇಳಿತು. ಉಪಗ್ರಹಕ್ಕೆ ನೀರಾವರಿ ಕೆರೆ ಯಾವುದು, ಹಕ್ಕಿ ಕೆರೆ ಯಾವುದು ಎಂಬ ಭೇದವಿಲ್ಲ. ನೀರು ಕಂಡರೆ ನೀರು.

2023ರಲ್ಲಿ ರಾಜ್ಯದ ಅರಣ್ಯ, ಪರಿಸರ ಖಾತೆ ವಹಿಸಿಕೊಂಡವರು ಭಾಲ್ಕಿ ಶಾಸಕರಾದ ಈಶ್ವರ ಖಂಡ್ರೆಯವರೇ. ಜಿಲ್ಲಾ ಉಸ್ತುವಾರಿಯೂ ಅವರ ಕೈಗೇ ಬಂತು. ಖಾತೆಯೂ ಜಿಲ್ಲೆಯೂ ಒಂದೇ ಮನೆಗೆ ಬಂದಾಗ ಈ ಕಿಂಡಿ ಮುಚ್ಚುವ ಮಾತು ಬೀದರದಿಂದಲೇ ಏಳಲಿ ಎಂದು ಜನ ಬಯಸಿದರೆ ತಪ್ಪೇನು?

ಮಾಲೀಕರು ನಾಲ್ವರು, ಹೂಳು ಅನಾಥ

ಕಾಯ್ದೆ ಇರಲಿ, ಊರ ಕೆರೆಗೆ ಯಜಮಾನ ಯಾರು? ನಲವತ್ತು ಹೆಕ್ಟೇರಿಗಿಂತ ಹೆಚ್ಚು ಹೊಲಕ್ಕೆ ನೀರುಣಿಸುವ ಕೆರೆ ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಚಿಕ್ಕದು ಪಂಚಾಯತಿ ಪಾಲಿಗೆ. ಕೆರೆಯ ನೆಲ ಕಂದಾಯ ಇಲಾಖೆಯ ದಫ್ತರದಲ್ಲಿ. ಮೀನು ಹರಾಜಿನ ಗುತ್ತಿಗೆ ಬೇರೆ. ಹಕ್ಕಿ ಬಂದರೆ ಅರಣ್ಯ ಇಲಾಖೆ. ನೀರು ಒಬ್ಬರದು, ನೆಲ ಒಬ್ಬರದು, ಮೀನು ಒಬ್ಬರದು, ಹಕ್ಕಿ ಒಬ್ಬರದು. ಹೂಳು ಮಾತ್ರ ಯಾರದೂ ಅಲ್ಲ!

ಯಜಮಾನ ಇಲ್ಲದ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಮೊದಲು ನುಗ್ಗುವುದು ಬೇಶರಮ್ ಗಿಡ ಮತ್ತು ಜಾಲಿ. ಆಮೇಲೆ ಹೊಲದ ಬದು ಪ್ರತಿ ವರ್ಷ ಒಂದೊಂದು ಮೊಳ ಕೆರೆಯೊಳಗೆ ನಡೆಯುತ್ತದೆ. ಕೆರೆಗೆ ನೀರು ತರುವ ನಾಲಾ ಒಂದು ಕಡೆ ಹೊಲವಾಗುತ್ತದೆ, ಇನ್ನೊಂದು ಕಡೆ ರಸ್ತೆಯಾಗುತ್ತದೆ. ಕೊನೆಗೆ ದೊಡ್ಡ ಮಳೆ ಬಂದ ದಿನ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ. ನೀರಿಗೆ ಪಹಣಿ ಓದಲು ಬರುವುದಿಲ್ಲ.

ರೈತನ ಅಂಜಿಕೆ ಸುಳ್ಳಲ್ಲ

ಹಾಗಂತ ಎಲ್ಲದಕ್ಕೂ ರೈತನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಪಟ್ಟಣದವರ ಚಟ. ಬಸ್ಸಿನಲ್ಲಿ ಈ ಮಾತು ಎತ್ತಿ ನೋಡಿ, ಹಿಂದಿನ ಸೀಟಿನಿಂದ ಉತ್ತರ ಬಂದೇ ಬರುತ್ತದೆ: "ಹಕ್ಕಿ ನೋಡಿದ್ರ ಹೊಟ್ಟಿ ತುಂಬ್ತದೇನ್ರಿ? ಮೊದ್ಲ ನಮ್ಮ ಹೊಲದ್ದು ಹೇಳ್ರಿ."

ಈ ಸಿಟ್ಟಿಗೆ ಕಾರಣ ಬೇಕಾದರೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಗೆ ಹೋಗಬೇಕು. ಅಲ್ಲಿ 1970ರ ದಶಕದಲ್ಲಿ ಕೆಲಸ ಹಿಡಿದ ಕಾರಂಜಾ ಅಣೆಕಟ್ಟು ಇದೆ. ಹಿಡಿಸುವ ನೀರು 7.69 ಟಿಎಂಸಿ. ಬೀದರ ನಗರದ ನಲ್ಲಿಗೆ ಬರುವ ನೀರಿಗೆ ಇದೇ ದೊಡ್ಡ ಆಸರೆ. ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಹಿನ್ನೀರು ಇಲ್ಲ. ಆದರೆ ಆ ನೀರಿನ ಕೆಳಗೆ ಇರುವುದು ಎರೆಹೊಲ. ಅದನ್ನು ಬಿಟ್ಟುಕೊಟ್ಟ ರೈತರ ಪರಿಹಾರದ ತಕರಾರು ಮಕ್ಕಳು–ಮೊಮ್ಮಕ್ಕಳ ಕಾಲಕ್ಕೂ ಬಗೆಹರಿಯಲಿಲ್ಲ. ಕೋರ್ಟಿಗೆ ಹೋದವರಿಗೊಂದು ದರ, ಹೋಗದವರಿಗೊಂದು ದರ ಎಂಬುದು ಸಂತ್ರಸ್ತರ ದೂರು. 2022ರಲ್ಲಿ ಅವರು ಜಿಲ್ಲಾಧಿಕಾರಿ ಕಚೇರಿ ಎದುರು ಧರಣಿ ಕೂತರು. ಬಿಸಿಲು, ಮಳೆ, ಚಳಿ ಎಲ್ಲವೂ ಅವರ ಪೆಂಡಾಲಿನ ಮೇಲೆ ಹಾದು ಹೋದವು.

ನಲ್ಲಿ ತಿರುಗಿಸಿ ನೀರು ಹಿಡಿಯುವ ನಗರದವರು ಒಂದು ಗಳಿಗೆ ಇದನ್ನು ನೆನೆಯಬೇಕು. ಒಂದು ಸಲ ‘ಸಾರ್ವಜನಿಕ ಹಿತ’ ಎಂದು ಹೊಲ ಕಳಕೊಂಡವನಿಗೆ ‘ಸಂರಕ್ಷಣೆ’ ಎಂಬ ಶಬ್ದ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಮತ್ತೆ ಯಾವ ಸಾಹೇಬರು ಟೇಪು ಹಿಡಿದು ಬಂದರೋ ಎಂಬ ಅಂಜಿಕೆ. ಹಳೇ ಬಾಕಿ ತೀರಿಸದೆ ಹೊಸ ಮಾತು ಆಡಿದರೆ ಯಾವ ಅಂಗಡಿಯಲ್ಲೂ ಉದ್ರಿ ಹುಟ್ಟುವುದಿಲ್ಲ. ಸರಕಾರಕ್ಕೂ ಅದೇ ನ್ಯಾಯ.

ಇನ್ನೊಂದು ಮಾತು. ನೀರು ಹಿಂದೆ ಸರಿದಂತೆ ಕೆರೆ ಅಂಗಳದ ಹಸಿ ಮಣ್ಣಿನಲ್ಲಿ ಕಡಲೆ, ಜೋಳ ಬಿತ್ತಿಕೊಳ್ಳುವುದು ಈ ಭಾಗದ ಹಳೇ ರೂಢಿ. ಪಂಪು ಬೇಡ, ಗೊಬ್ಬರ ಬೇಡ, ತೇವದ ಮೇಲೇ ಬೆಳೆ ಬರುತ್ತದೆ. ಮುಂಗಾರಿಗೆ ಮುಂಚೆ ಕಟಾವಾಗಿ ಅಂಗಳ ಖಾಲಿ. ಇದು ಒತ್ತುವರಿಯೇ? ಬದು ಹಾಕಿ, ಬೋರ್ ಕೊರೆದು, ಪಟ್ಟಾ ಮಾಡಿಸಿಕೊಳ್ಳುವುದು ಒತ್ತುವರಿ. ನೀರಿನ ಹಿಂದೆ ಹೋಗಿ ನೀರಿನ ಮುಂಚೆ ಬರುವುದು ಒಡಂಬಡಿಕೆ. ಎರಡನ್ನೂ ಒಂದೇ ನೋಟಿಸಿನಲ್ಲಿ ಕಟ್ಟಿದರೆ ಬಡವನಿಗೆ ಅನ್ಯಾಯ, ಬಲಾಢ್ಯನಿಗೆ ವಕೀಲ.

ಕಬ್ಬಿನ ಲೆಕ್ಕ

ಅಂಗಡಿಕಾರರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಬೀದರದಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 850 ಮಿಲಿಮೀಟರ್ ಆಸುಪಾಸು. ಕಬ್ಬು ಹೊಲದಲ್ಲಿ ಹೆಚ್ಚು ಕಡಿಮೆ ವರ್ಷವಿಡೀ ನಿಂತು ಕೇಳುವುದು 1500ರಿಂದ 2500 ಮಿಲಿಮೀಟರ್. ಜಮಾ ಇಷ್ಟು, ಖರ್ಚು ಅಷ್ಟು. ನಡುವಿನ ಅಂತರ ಬರುವುದು ಎಲ್ಲಿಂದ? ಕೆರೆಯಿಂದ, ಹೊಳೆಯಿಂದ, ಭೂಮಿಯ ಹೊಟ್ಟೆಯಿಂದ. ಲಾತೂರಿನಲ್ಲಿ ರೈಲು ಬಂದ ವರ್ಷ ಮಂದಿ ಬೆರಳು ತೋರಿಸಿದ್ದು ಈ ಬೆಳೆಯ ಕಡೆಗೇ.

ಆದರೆ ರೈತ ಕಬ್ಬು ಹಚ್ಚುವುದು ಹಟಕ್ಕಲ್ಲ. ಭಾಲ್ಕಿ ತಾಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ ಬಳಿಯ ಇಮಾಮಪುರದಲ್ಲಿ ನಾರಂಜಾ ಕಾರ್ಖಾನೆ. ಬಿಲ್ಲು ತಡವಾದರೂ ಕೊಳ್ಳುವವರು ಇದ್ದಾರೆ ಎಂಬ ಧೈರ್ಯ. ಕಡಲೆ, ಜೋಳ, ತೊಗರಿಗೆ ಆ ಧೈರ್ಯ ಯಾರು ಕೊಟ್ಟರು? ಸುಗ್ಗಿ ಬಂದಾಗ ದರ ಬೀಳುತ್ತದೆ, ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಮಾಲು ಅಡತಿ ಅಂಗಡಿ ಸೇರಿರುತ್ತದೆ. ಕೆರೆ ಉಳಿಸುವ ಕೆಲಸ ಕೆರೆ ಏರಿಯ ಮೇಲಷ್ಟೇ ಅಲ್ಲ, ಮಾರುಕಟ್ಟೆ ಕಟ್ಟೆಯ ಮೇಲೂ ಇದೆ ಎಂಬುದು ಇದರ ಅರ್ಥ.

ಬೀದರ ಕೋಟೆಯೊಳಗಿನವರು ಗೊತ್ತಿದ್ದವರು

ಇದೆಲ್ಲ ಹಳ್ಳಿಯವರ ರಗಳೆ, ನಗರಕ್ಕೇನು ಎನ್ನುವವರು ನೌಬಾದಿಗೆ ಹೋಗಿ ನೋಡಬೇಕು. 15ನೇ ಶತಮಾನದ ಬಹಮನಿಗಳ ಕಾಲದ ಸುರಂಗ ಬಾವಿ, ಅಂದರೆ ಕರೇಜ್ ಅಲ್ಲಿದೆ. ನೆಲದಡಿಯ ಕಾಲುವೆ, ಅದರ ಮೇಲೆ ಸಾಲಾಗಿ ಬಾವಿಯಂಥ ಗವಾಕ್ಷಿ. ಬೀದರ ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಮೇಲೆ. ಈ ಕಲ್ಲು ಸ್ಪಂಜಿನ ಹಾಗೆ ಮಳೆ ನೀರು ಹೀರಿಕೊಳ್ಳುತ್ತದೆ. ಕೆಳಗಿನ ಗಟ್ಟಿ ಪದರಕ್ಕೆ ತಾಗಿದ ನೀರು ಪಕ್ಕಕ್ಕೆ ಜಿನುಗಿ ಬರುತ್ತದೆ. ನಾನಕ್ ಝೀರಾ, ಪಾಪನಾಶ, ಝರಣಿ ನರಸಿಂಹ ಇವೆಲ್ಲ ಆ ಜಿನುಗಿನ ಪ್ರಸಾದ.

ಆ ಸ್ಪಂಜಿನ ಮೇಲೆ ಸಿಮೆಂಟು ಹೊದಿಸಿದರೆ ಝರಿಗೆ ನೀರು ಎಲ್ಲಿಂದ ಬರಬೇಕು? ಊರ ಹೊರಗಿನ ಕುಂಟೆ, ತಗ್ಗು, ಹುಲ್ಲುಗಾವಲು ಎಲ್ಲ ಪ್ಲಾಟು ಆಗುತ್ತಿರುವ ಕಾಲ ಇದು. ರೈತ ಕೆರೆ ಅಂಗಳಕ್ಕೆ ಒಂದು ಮೊಳ ಬದು ಸರಿಸಿದರೆ ತಹಶೀಲ್ದಾರರಿಗೆ ದೂರು. ನಗರ ಒಂದು ಕುಂಟೆಯನ್ನೇ ನುಂಗಿದರೆ ಅದಕ್ಕೆ ‘ಲೇಔಟ್’ ಎಂಬ ಮರ್ಯಾದೆ. ತಕ್ಕಡಿ ಎರಡೂ ಕಡೆ ಒಂದೇ ಇರಬೇಕು.

ಹೂಳಿನ ಪಾಠ

ಕೆರೆಗೂ ಹೊಲಕ್ಕೂ ರಾಜಿ ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2016ರ ಆ ಬರಗಾಲದಲ್ಲೇ ಆಗಿನ ಜಿಲ್ಲಾಧಿಕಾರಿ ಅನುರಾಗ ತಿವಾರಿಯವರು ಕೆರೆ, ತೆರೆದ ಬಾವಿಗಳ ಹೂಳು ತೆಗೆಸುವ ಕೆಲಸಕ್ಕೆ ಕೈ ಹಾಕಿದರು. ರೈತರು ಹೂಳು ಮಣ್ಣನ್ನು ತಾವೇ ಟ್ರ್ಯಾಕ್ಟರ್‌ನಲ್ಲಿ ಹೇರಿ ಹೊಲಕ್ಕೆ ಒಯ್ದರು. ಕೆರೆಗೆ ಬೇಡವಾದದ್ದು ಹೊಲಕ್ಕೆ ಬಂಗಾರ. ತಿವಾರಿಯವರು 2017ರಲ್ಲಿ ಲಖನೌದಲ್ಲಿ ತೀರಿಕೊಂಡರು. ಜಿಲ್ಲೆಯ ಜನ ಇಂದಿಗೂ ಅವರ ಹೆಸರು ಹೇಳುವುದು ಈ ಕೆಲಸಕ್ಕಾಗಿ.

ಆದರೆ ಹೂಳು ತೆಗೆಯುವುದಕ್ಕೂ ಒಂದು ಹದ ಉಂಟು. ಜೆಸಿಬಿ ಸಿಕ್ಕಿತೆಂದು ಇಡೀ ಕೆರೆಯನ್ನು ಬಕೀಟಿನಂತೆ ಕಡಿದಾಗಿ ಅಗೆದರೆ ಮೀನಿಗೆ ಮರಿ ಮಾಡುವ ಜಾಗ ಇಲ್ಲ, ಹಕ್ಕಿಗೆ ಕಾಲೂರುವ ಜಾಗ ಇಲ್ಲ, ದನ ಇಳಿದು ನೀರು ಕುಡಿಯಲು ದಾರಿ ಇಲ್ಲ. ನಡುವೆ ಆಳ, ಅಂಚಿಗೆ ಇಳಿಜಾರು ಇರಬೇಕು. ಕೆರೆ ಕಟ್ಟಿದ ಹಿಂದಿನವರಿಗೆ ಇದು ಗೊತ್ತಿತ್ತು.

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿ. ಅದೂ ನೀರಾವರಿಗೆಂದು ಕಟ್ಟಿದ್ದೇ. ಐವತ್ತು ಹೆಕ್ಟೇರಿಗೆ ತುಸು ಮಿಕ್ಕಿದ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆ ತಲೆ ಹೆಬ್ಬಾತುಗಳು ಸುಮಾರು ಎಂಟು ಸಾವಿರ ಬಂದು ಇಳಿಯುತ್ತವೆ. ಮೇಯುವುದು ಸುತ್ತಲಿನ ರೈತರ ಹೊಲದಲ್ಲಿ! ಅದೂ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ‘ರಾಮ್ಸರ್’ ಪಟ್ಟಿ ಸೇರಿದವು. ಇರಾನಿನ ರಾಮ್ಸರ್ ಊರಿನಲ್ಲಿ 1971ರ ಫೆಬ್ರುವರಿ 2ರಂದು ಆದ ಒಪ್ಪಂದ ಅದು. ಭಾರತ ಸೇರಿದ್ದು 1982ರಲ್ಲಿ. ಆ ಒಪ್ಪಂದದಲ್ಲಿ ಎಲ್ಲಿಯೂ ಬೇಸಾಯ ನಿಲ್ಲಿಸಿ ಎಂದಿಲ್ಲ. ‘ವಿವೇಕದ ಬಳಕೆ’ ಎಂದಿದೆ. ದೆಹಲಿಯ ನಿಯಮ ನೀರಾವರಿ ಕೆರೆಯನ್ನು ಹೊರಗಿಟ್ಟರೂ ಜಗತ್ತು ಅದನ್ನು ಒಳಗೆ ಕರೆದಿದೆ ಎಂದಾಯಿತು.

ಹಾಗಾದರೆ ಮಾಡಬೇಕಾದ್ದೇನು?

ನದಿ ನೀರು ಎತ್ತಿ ಔರಾದ ತಾಲೂಕಿನ 36 ಕೆರೆ ತುಂಬಿಸುವ ಯೋಜನೆಯ ಮಾತು ಕೆಲವು ವರ್ಷಗಳಿಂದ ಇದೆ. ಆಗಲಿ, ಬಿಸಿಲ ನಾಡಿಗೆ ನೀರು ಬೇಡ ಎನ್ನುವವರು ಯಾರು? ಆದರೆ ಪೈಪಿನಿಂದ ಕೆರೆ ಪೂರ್ತಿ ತುಂಬಿಸಿದ ದಿನ ಅಂಗಳದಲ್ಲಿ ಬಿತ್ತಿದವನ ಗತಿ ಏನು ಎಂಬುದನ್ನು ಗುಂಡಿ ಒತ್ತುವ ಮುಂಚೆ ತೀರ್ಮಾನಿಸಬೇಕು, ಒತ್ತಿದ ಮೇಲಲ್ಲ.

ತೀರ್ಮಾನಕ್ಕೆ ದೊಡ್ಡ ಪಂಡಿತರು ಬೇಕಿಲ್ಲ. ಮೊದಲನೆಯದು, ಪ್ರತಿ ಕೆರೆಯ ತುಂಬು ಮಟ್ಟ ಗುರುತಿಸಿ ಊರವರ ಎದುರು ಕಲ್ಲು ನೆಡುವುದು. ಕಚೇರಿಯಲ್ಲಿ ಕೂತು ನಕಾಶೆಯ ಮೇಲೆ ಗೆರೆ ಎಳೆದರೆ ಅದು ಗೆರೆಯಾಗಿಯೇ ಉಳಿಯುತ್ತದೆ. ಎರಡನೆಯದು, ಕಲ್ಲಿನ ಒಳಗೆ ಹಿಂಗಾರಿ ಬೆಳೆ ಮಾತ್ರ; ಭೂಮಿ ಇಲ್ಲದವರಿಗೆ, ಹಿನ್ನೀರಿಗೆ ಹೊಲ ಕಳಕೊಂಡವರಿಗೆ ಮೊದಲ ಪಾಳಿ; ಬೋರ್ ಬೇಡ, ಬದು ಬೇಡ, ವಿಷದ ಔಷಧ ಬೇಡ. ಮೂರನೆಯದು, ಕಲ್ಲಿನ ಹೊರಗೆ ಒಂದು ಪಟ್ಟಿ ಹುಲ್ಲು ಬಿಡುವುದು. ಅದು ದನಕ್ಕೆ ಮೇವು, ಕೆರೆಗೆ ಜರಡಿ. ನಾಲ್ಕನೆಯದು, ನೀರು ತರುವ ನಾಲಾ ಬಿಡಿಸುವುದು; ಯಾರ ಹೊಲದಲ್ಲಿ ನಾಲಾ ಹಾದರೆ ಅವರಿಗೆ ನ್ಯಾಯವಾದ ಪರಿಹಾರ, ಅದೂ ಕೆಲಸಕ್ಕೆ ಮುಂಚೆ. ಐದನೆಯದು, ಮೀನು ಹರಾಜಿನ ಹಣದಲ್ಲಿ ಒಂದು ಪಾಲು ಅದೇ ಕೆರೆಯ ಹೂಳಿಗೆ, ತೂಬಿಗೆ.

ಇದಿಷ್ಟನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಿ, ತಾಲೂಕಿನ ಯೋಜನೆಯಲ್ಲಿ ಬರೆದರೆ ಸಾಕು. ನಾಲ್ಕು ಇಲಾಖೆ ಸೇರಿ ಒಂದು ಕೆರೆಗೆ ಒಂದು ಹಾಳೆ. ಅಷ್ಟು ಕಾಗದ ಬೀದರದಲ್ಲಿ ಸಿಗುತ್ತದೆ.

ಅಂಗಡಿ ಮಾಲೀಕರು ಇದು ನಮ್ಮ ವ್ಯಾಪಾರವಲ್ಲ ಎನ್ನಬಾರದು. 2025ರಲ್ಲಿ ಕೊಳೆತದ್ದು ರೈತನ ಸೋಯಾ ಅಷ್ಟೇ ಅಲ್ಲ. ಭಾಲ್ಕಿ, ಔರಾದ ಪೇಟೆಯ ದೀಪಾವಳಿ ಬಟ್ಟೆ, ಬಂಗಾರ, ಪಾತ್ರೆಯ ವ್ಯಾಪಾರವೂ ಅದರ ಜೊತೆಗೇ ಮುಳುಗುವ ಮಾಲು. ಹೊಲಕ್ಕೆ ಬಿದ್ದ ಪೆಟ್ಟು ಗಲ್ಲಾಪೆಟ್ಟಿಗೆಗೆ ಬೀಳಲು ಒಂದು ತಿಂಗಳೂ ಬೇಡ.

ಗಡಿಕಲ್ಲು ನೆಡುವುದು ಬೇಸಿಗೆಯ ಕೆಲಸ. ನೀರು ಸರಿದು ಅಂಗಳ ಕಾಣುವಾಗ, ಊರ ಹಿರಿಯರಿಗೆ ಹಳೇ ಗುರುತು ನೆನಪಿರುವಾಗ ಮಾಡಿ ಮುಗಿಸಬೇಕು. ಮೃಗಶಿರಾ ಬಂದ ಮೇಲೆ ಟೇಪು ಹಿಡಿದು ಹೋದರೆ ಕಲ್ಲೂ ಮುಳುಗುತ್ತದೆ, ಬೆಳೆಯೂ ಮುಳುಗುತ್ತದೆ. ಆಮೇಲೆ ಮತ್ತೆ ವಿಮಾನ, ಮತ್ತೆ ಸಮೀಕ್ಷೆ, ಮತ್ತೆ ಪರಿಹಾರದ ಅರ್ಜಿಗೆ ಜೆರಾಕ್ಸ್ ಅಂಗಡಿ ಮುಂದೆ ಸಾಲು.